ರಾಳ ಎರಚಿದಾಗ ಚೌಕ ಚೌಕ: ರಾತ್ರಿಯಿಡೀ ಆಟವನ್ನು 16 ಜಿಬಿ ಪೆನ್‌ಡ್ರೈವ್‌ಗೆ ಇಳಿಸಿದ ಪ್ರಕರಣ

ಕರಾವಳಿಯಲ್ಲಿ ನನ್ನ ಗೆಳೆಯನೊಬ್ಬ ವಿಡಿಯೋ ಕೆಲಸ ಮಾಡುತ್ತಾನೆ. ಮದುವೆ, ಉಪನಯನದ ಜೊತೆಗೆ ಯಕ್ಷಗಾನದ ಹರಕೆ ಆಟಗಳ ರೆಕಾರ್ಡಿಂಗೂ ಇರುತ್ತದೆ. ಆಟ ಆಡಿಸಿದ ಮನೆಯವರಿಗೆ ಕೊನೆಗೆ ಬೇಕಾಗುವುದು ಒಂದು ಪೆನ್‌ಡ್ರೈವ್. ಟೀವಿಯ ಹಿಂದೆ ಚುಚ್ಚಬೇಕು, ರಿಮೋಟ್ ಒತ್ತಬೇಕು, ಆಟ ಶುರುವಾಗಬೇಕು. ಕಂಪ್ಯೂಟರ್, ಆ್ಯಪ್, ಲಿಂಕ್ ಇವೆಲ್ಲ ಅವರಿಗೆ ಬೇಡ.

ತಕರಾರು ಬಂದದ್ದು ಒಂದು ಮನೆಯ ಯಜಮಾನರಿಂದ. "ಅರ್ಥಗಾರಿಕೆ ಎಲ್ಲ ಚಂದ ಉಂಟು ಮಾರಾಯ, ಆದ್ರೆ ಮಹಿಷಾಸುರ ಬರುವಾಗ ಬರೀ ಚೌಕ ಚೌಕ ಕಾಣ್ತದೆ. ಇಡೀ ಆಟದಲ್ಲಿ ನಾವು ಕಾಯೋದೇ ಅದಕ್ಕಲ್ವಾ?" ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಕ್ಯಾಮೆರಾದ ಮೂಲ ಫೈಲಿನಲ್ಲಿ ದೊಂದಿ, ಹೊಗೆ, ಕೊಂಬು, ಮುಖದ ಬಣ್ಣ ಎಲ್ಲ ಸ್ಪಷ್ಟವಾಗಿತ್ತು. ಪೆನ್‌ಡ್ರೈವ್‌ನ ಪ್ರತಿಯಲ್ಲಿ ಅದೇ ಜಾಗ ಕಲಸಿ ಹೋಗಿತ್ತು. ಗೆಳೆಯ ಗ್ರಾಫಿಕ್ಸ್ ಕಾರ್ಡ್‌ನ ಎನ್‌ಕೋಡರ್ (ವಿಡಿಯೋ ಕುಗ್ಗಿಸುವ ಸಾಧನ) ಬಳಸಿ, 4 ಎಂಬಿಪಿಎಸ್ (ಸೆಕೆಂಡಿಗೆ 40 ಲಕ್ಷ ಬಿಟ್) ಸ್ಥಿರ ಬಿಟ್‌ರೇಟ್ ಹಾಕಿ, ಬೇಗ ಆಗುತ್ತೆ ಅಂತ ಹಾಗೇ ಕೊಡುತ್ತಿದ್ದ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ, ಆಟದ ಋತು ಮುಗಿಯುವ ದಿನ) ಕಳೆದು ಮೇಳಗಳ ತಿರುಗಾಟ ನಿಂತಿತ್ತು, ಮಳೆ ಹಿಡಿದಿತ್ತು, ಅವನ ಕೈಲೂ ಸಮಯ ಇತ್ತು. ಹಾಗಾಗಿ ಕೂತು ಸರಿಯಾಗಿ ಪರೀಕ್ಷೆ ಮಾಡೋಣ ಅಂತ ತೀರ್ಮಾನವಾಯಿತು.

"ಬಿಟ್‌ರೇಟ್ ಜಾಸ್ತಿ ಮಾಡಿದರೆ ಮುಗೀತಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಜಾಸ್ತಿ ಮಾಡಬಹುದು ಅನ್ನುವುದನ್ನು ಪೆನ್‌ಡ್ರೈವ್ ತೀರ್ಮಾನಿಸುತ್ತದೆ, ನಾವಲ್ಲ.

ಲೆಕ್ಕ ನೋಡಿ. ಆಟ 8 ಗಂಟೆ, ಅಂದರೆ 28,800 ಸೆಕೆಂಡು. ಕ್ಯಾಮೆರಾ 1080ಪಿ, ಸೆಕೆಂಡಿಗೆ 50 ಫ್ರೇಮ್, 50 ಎಂಬಿಪಿಎಸ್‌ನಲ್ಲಿ ರೆಕಾರ್ಡ್ ಮಾಡುತ್ತದೆ. ಅದು ಒಟ್ಟು 180 ಜಿಬಿ. ಇದನ್ನು 16 ಜಿಬಿಗೆ ಇಳಿಸಬೇಕು. ಧ್ವನಿಗೆ 192 ಕೆಬಿಪಿಎಸ್ ಎಎಸಿ ಇಟ್ಟರೆ ಸುಮಾರು 0.7 ಜಿಬಿ ಹೋಗುತ್ತದೆ. ಅದರಲ್ಲಿ ಜಿಪುಣತನ ಮಾಡಲು ನಾನು ಒಪ್ಪಲಿಲ್ಲ, ಭಾಗವತರ ಪದ ಮತ್ತು ಚೆಂಡೆ ಕೆಟ್ಟರೆ ಚಿತ್ರ ಎಷ್ಟು ಚೆನ್ನಾಗಿದ್ದೂ ಪ್ರಯೋಜನವಿಲ್ಲ. ಅರ್ಧ ಜಿಬಿ ಖಾಲಿ ಬಿಡಬೇಕು, ಯಾಕೆಂದರೆ 16 ಜಿಬಿ ಅಂತ ಬರೆದದ್ದರಲ್ಲಿ ಪೂರ್ತಿ 16 ಸಿಗುವುದಿಲ್ಲ. ಉಳಿದದ್ದು 14.8 ಜಿಬಿ, ಅಂದರೆ ಚಿತ್ರಕ್ಕೆ ಸರಾಸರಿ 4.1 ಎಂಬಿಪಿಎಸ್. 32 ಜಿಬಿ ಕೊಟ್ಟರೆ ಆಗುತ್ತಿರಲಿಲ್ಲವಾ? ಆಗುತ್ತಿತ್ತು. ಆದರೆ ಹತ್ತಾರು ಮನೆಗಳಿಗೆ, ಒಂದೊಂದು ಮನೆಗೆ ಮೂರು ನಾಲ್ಕು ಪ್ರತಿ ಕೊಡುವವನಿಗೆ ಅದು ಖರ್ಚಿನ ವಿಷಯ.

4.1 ಎಂಬಿಪಿಎಸ್ ಅಂದರೆ ಒಂದು ಫ್ರೇಮಿಗೆ ಸುಮಾರು 10 ಕೆಬಿ. ಮೂಲದಲ್ಲಿ ಅದೇ ಫ್ರೇಮಿಗೆ 125 ಕೆಬಿ ಇತ್ತು. ನಾವು ಬಳಸುವ ವಿಡಿಯೋ ಕುಗ್ಗಿಸುವ ಪದ್ಧತಿ ಎಚ್.264, ಅದು ಚಿತ್ರವನ್ನು 16x16 ಪಿಕ್ಸೆಲ್‌ನ ಚೌಕಗಳಾಗಿ ಒಡೆಯುತ್ತದೆ. 1080ಪಿ ಫ್ರೇಮಿನಲ್ಲಿ ಇಂಥ ಚೌಕ 8,160. ಹಾಗಾದರೆ ಒಂದು ಚೌಕಕ್ಕೆ ಸಿಗುವುದು ಸರಾಸರಿ 10 ಬಿಟ್. ಕದಲದೆ ನಿಂತ ಹಿನ್ನೆಲೆಗೆ ಒಂದು ಬಿಟ್ಟೂ ಬೇಡ, "ಹಿಂದಿನ ಫ್ರೇಮಿನಂತೆಯೇ" ಅಂದರೆ ಸಾಕು. ಆದರೆ ದಿಗಿಣ (ಸುತ್ತುತ್ತಾ ಹಾರುವ ಕುಣಿತ) ಹಾಕುವ ವೇಷಧಾರಿಯ ಜರಿ, ಮಣಿ, ಗೆಜ್ಜೆ, ಕಿರೀಟದ ಚಿನ್ನದ ಕಾಗದಕ್ಕೆ 10 ಬಿಟ್ ಎಲ್ಲಿ ಸಾಕು?

ಇಲ್ಲಿಗೆ ಹಳೆಯ ಸೆಟ್ಟಿಂಗ್‌ನ ತೊಂದರೆ ಗೊತ್ತಾಯಿತು. ಸ್ಥಿರ ಬಿಟ್‌ರೇಟ್ ಅಂದರೆ ಎಲ್ಲರಿಗೂ ಒಂದೇ ಸೌಟು. ಅರ್ಥಗಾರಿಕೆಯಲ್ಲಿ ಇಬ್ಬರು ನಿಂತು ಅರ್ಧ ಗಂಟೆ ಮಾತಾಡುವಾಗ ಅದರಲ್ಲಿ ಅರ್ಧ ವ್ಯರ್ಥ, ಮಹಿಷಾಸುರ ಬಂದಾಗ ಕಾಲು ಭಾಗಕ್ಕೂ ಸಾಲದು. ನೇರ ಪ್ರಸಾರಕ್ಕಾದರೆ ಇದು ಬೇಕೇ ಬೇಕು, ಊರಿನ ಇಂಟರ್‌ನೆಟ್ ತಂತಿ ಅಷ್ಟೇ ದಪ್ಪ ಇರುತ್ತದೆ. ಪೆನ್‌ಡ್ರೈವ್‌ಗೆ ಅಂಥ ನಿರ್ಬಂಧ ಇಲ್ಲ. ಅಲ್ಲಿ ಒಟ್ಟು ಗಾತ್ರ ಮಾತ್ರ ಲೆಕ್ಕ.

ಸಿಆರ್‌ಎಫ್ ಇನ್ನೊಂದು ದಾರಿ. ಗುಣಮಟ್ಟಕ್ಕೆ ಒಂದು ಅಂಕಿ ಕೊಡುತ್ತೀರಿ, ಎಕ್ಸ್264 ಎಂಬ ಎಚ್.264 ಎನ್‌ಕೋಡರ್ ತಂತ್ರಾಂಶದಲ್ಲಿ ಡೀಫಾಲ್ಟ್ 23, ಕಡಿಮೆ ಮಾಡಿದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಸುಮಾರು 6 ಅಂಕಿ ಇಳಿಸಿದರೆ ಗಾತ್ರ ದುಪ್ಪಟ್ಟಾಗುತ್ತದೆ ಅನ್ನುವುದು ಬಳಕೆಯ ಲೆಕ್ಕ. ಬಿಟ್ ಎಲ್ಲಿ ಬೇಕೋ ಅಲ್ಲಿ ಹೋಗುತ್ತದೆ. ಆದರೆ ಒಟ್ಟು ಗಾತ್ರ ಎಷ್ಟಾಗುತ್ತೆ ಅಂತ ಮೊದಲೇ ಹೇಳಲಾಗುವುದಿಲ್ಲ. ಒಂದು ಆಟ 11 ಜಿಬಿಗೆ ನಿಂತರೆ ಯುದ್ಧ ಜಾಸ್ತಿ ಇರುವ ಇನ್ನೊಂದು ಪ್ರಸಂಗ 20 ದಾಟಬಹುದು. ಟೂ-ಪಾಸ್‌ನಲ್ಲಿ ಎನ್‌ಕೋಡರ್ ಮೊದಲೊಮ್ಮೆ ಇಡೀ ಆಟ ನೋಡಿಕೊಂಡು ಬರುತ್ತದೆ, ಎಲ್ಲಿ ಕಷ್ಟ ಎಲ್ಲಿ ಸುಲಭ ಅಂತ ಬರೆದಿಟ್ಟುಕೊಳ್ಳುತ್ತದೆ, ಎರಡನೇ ಸಲ ಆ ಪ್ರಕಾರ ಹಂಚುತ್ತದೆ. ಟೂ-ಪಾಸ್ ಅಂದರೆ ಚಿತ್ರ ಹೆಚ್ಚು ಚೆನ್ನಾಗಿ ಬರುತ್ತೆ ಅಂತ ತುಂಬ ಜನ ನಂಬಿದ್ದಾರೆ. ಒಂದೇ ಗಾತ್ರಕ್ಕೆ ಬಂದ ಸಿಆರ್‌ಎಫ್ ಫೈಲಿಗೂ ಟೂ-ಪಾಸ್ ಫೈಲಿಗೂ ನೋಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಹೇಳಿದ ಗಾತ್ರಕ್ಕೆ ಸರಿಯಾಗಿ ತಂದು ನಿಲ್ಲಿಸುವುದೇ ಟೂ-ಪಾಸ್‌ನ ಉಪಯೋಗ. ನಮಗೆ ಬೇಕಾದದ್ದೂ ಅದೇ.

ಪರೀಕ್ಷೆಗೆ ಯಾವ ತುಣುಕು?

ಇಡೀ ಆಟದಲ್ಲಿ 14,40,000 ಫ್ರೇಮ್ ಇವೆ. ಸೆಕೆಂಡಿಗೆ 60 ಫ್ರೇಮ್ ವೇಗದಲ್ಲಿ ಎನ್‌ಕೋಡ್ ಮಾಡಿದರೂ ಒಂದು ಸುತ್ತಿಗೆ 6 ಗಂಟೆ 40 ನಿಮಿಷ. ಪ್ರತಿ ಸೆಟ್ಟಿಂಗಿಗೂ ಇದನ್ನು ಮಾಡುತ್ತಾ ಕೂರಲು ಆಗದು. ತುಣುಕು ಆರಿಸಲೇಬೇಕು. ಸಾಮಾನ್ಯವಾಗಿ ಜನ ಫೈಲಿನ ಮೊದಲ ಒಂದು ನಿಮಿಷ ಕತ್ತರಿಸಿ ಪರೀಕ್ಷೆ ಮಾಡುತ್ತಾರೆ. ಯಕ್ಷಗಾನದ ಮೊದಲ ನಿಮಿಷದಲ್ಲಿ ಏನಿರುತ್ತೆ? ಖಾಲಿ ರಂಗಸ್ಥಳ, ಕೂತ ಹಿಮ್ಮೇಳ. ಅಲ್ಲಿ ಯಾವ ಸೆಟ್ಟಿಂಗ್ ಹಾಕಿದರೂ ಪಾಸು.

ನಾವು ಆರಿಸಿದ್ದು ಇವು: ಭಾಗವತರ ಹತ್ತಿರದ ಶಾಟ್, ಇಬ್ಬರ ಅರ್ಥಗಾರಿಕೆ, ಪುಂಡುವೇಷದ ದಿಗಿಣ, ಸಭೆಯ ನಡುವಿನಿಂದ ಮಹಿಷಾಸುರನ ಪ್ರವೇಶ, ಬೆಳಗಿನ ಜಾವ ರಂಗಸ್ಥಳದ ಹಿಂದೆ ಬೆಳಕು ಹರಿಯುವ ಹೊತ್ತು. ಎಲ್ಲವನ್ನೂ ಮತ್ತೆ ಎನ್‌ಕೋಡ್ ಮಾಡದೆ ಮೂಲದಿಂದ ನೇರವಾಗಿ ಕತ್ತರಿಸಿಕೊಂಡೆವು.

ಮಹಿಷಾಸುರನ ಪ್ರವೇಶ ಎನ್‌ಕೋಡರ್‌ಗೆ ಎಷ್ಟು ಕಷ್ಟ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುತ್ತ ಕತ್ತಲೆ, ಕ್ಯಾಮೆರಾ ಬೆಳಕಿಗಾಗಿ ಗೇನ್ ಏರಿಸಿರುತ್ತದೆ, ಹಾಗಾಗಿ ಚಿತ್ರದ ತುಂಬ ಕಾಳು ಕಾಳು ನಾಯ್ಸ್. ನಾಯ್ಸ್‌ನಲ್ಲಿ ಹಿಂದಿನ ಫ್ರೇಮಿನಿಂದ ಊಹಿಸಲು ಏನೂ ಸಿಗುವುದಿಲ್ಲ, ಬಿಟ್ ತಿನ್ನುವುದೇ ಅದರ ಕೆಲಸ. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ ಅಂತ ಬೆಂಕಿ ಏಳುತ್ತದೆ, ಒಂದೆರಡು ಫ್ರೇಮಿನೊಳಗೆ ಇಡೀ ಚಿತ್ರದ ಬೆಳಕು ಬದಲಾಗುತ್ತದೆ. ಎನ್‌ಕೋಡರ್ ಇದನ್ನು ಹೊಸ ದೃಶ್ಯ ಅಂದುಕೊಂಡು ಪೂರ್ತಿ ಹೊಸ ಫ್ರೇಮ್ ಬರೆಯುವುದೂ ಉಂಟು. ಆಮೇಲೆ ಹೊಗೆ. ಹೊಗೆಗೆ ಅಂಚಿಲ್ಲ, ಒಂದು ದಿಕ್ಕಿಲ್ಲ, ಚಲನೆ ಹುಡುಕುವ ಲೆಕ್ಕಾಚಾರ ಅಲ್ಲಿ ಸೋಲುತ್ತದೆ. ಇದರ ಜೊತೆಗೆ ಎದ್ದು ನಿಂತ ಜನ, ಮೇಲೆತ್ತಿದ ಮೊಬೈಲುಗಳು. ಸ್ಥಿರ 4 ಎಂಬಿಪಿಎಸ್ ಇಲ್ಲಿ ಚೌಕ ಚೌಕ ಆಗದೆ ಇನ್ನೇನಾಗುತ್ತೆ?

ಈಗ ಒಂದು ಮುಖ್ಯ ವಿಷಯ. ಇಂಥ ತುಣುಕುಗಳ ಮೇಲೆ ಟೂ-ಪಾಸ್ ಪರೀಕ್ಷೆ ಮಾಡಬಾರದು. ಮಹಿಷಾಸುರನ 30 ಸೆಕೆಂಡಿನ ತುಣುಕನ್ನು 4.1 ಎಂಬಿಪಿಎಸ್ ಟೂ-ಪಾಸ್‌ನಲ್ಲಿ ಹಾಕಿದರೆ ಆ ತುಣುಕಿಗೆ ಸರಾಸರಿ 4.1 ಮಾತ್ರ ಸಿಗುತ್ತದೆ, ಎರವಲು ತರಲು ಅದರ ಅಕ್ಕಪಕ್ಕ ಅರ್ಥಗಾರಿಕೆ ಇಲ್ಲ. ಇಡೀ ಆಟದೊಳಗೆ ಅದೇ ಜಾಗಕ್ಕೆ ಅದರ ಎರಡು ಮೂರು ಪಟ್ಟು ಸಿಗಬಹುದು. ತುಣುಕಿನ ಫಲಿತಾಂಶ ನೋಡಿ "ಟೂ-ಪಾಸ್ ಕೂಡ ಕೆಟ್ಟದ್ದೇ" ಅಂದುಬಿಟ್ಟರೆ ಪರೀಕ್ಷೆಯೇ ಸುಳ್ಳು. ಹಾಗಾಗಿ ಪ್ರಿಸೆಟ್ (ಎನ್‌ಕೋಡರ್ ಎಷ್ಟು ವೇಗವಾಗಿ ಅಥವಾ ನಿಧಾನವಾಗಿ ಕೆಲಸ ಮಾಡಬೇಕು ಅನ್ನುವ ಆಯ್ಕೆ), ರೆಸಲ್ಯೂಶನ್ ಥರದ್ದನ್ನೆಲ್ಲ ತುಣುಕುಗಳ ಮೇಲೆ ಸಿಆರ್‌ಎಫ್‌ನಲ್ಲಿ ನೋಡಿದೆವು. ಬಿಟ್ ಹಂಚಿಕೆಯನ್ನು ಮಾತ್ರ ಇಡೀ ಆಟದ ಮೇಲೆ, ರಾತ್ರಿ ಕಂಪ್ಯೂಟರ್ ಓಡಲು ಬಿಟ್ಟು, ಬೆಳಿಗ್ಗೆ ನೋಡಿದೆವು.

ಎರಡು ಪ್ರಿಸೆಟ್‌ಗಳನ್ನು ಒಂದೇ ಸಿಆರ್‌ಎಫ್ ಅಂಕಿಯಲ್ಲಿ ಹೋಲಿಸುವುದೂ ತಪ್ಪು. ಸಿಆರ್‌ಎಫ್ 21 ಅಂದರೆ ವೆರಿಫಾಸ್ಟ್‌ನಲ್ಲಿ ಒಂದು, ಸ್ಲೋನಲ್ಲಿ ಇನ್ನೊಂದು. ಗಾತ್ರವೂ ಬದಲಾಗುತ್ತದೆ, ಗುಣಮಟ್ಟವೂ ಬದಲಾಗುತ್ತದೆ, ಯಾವುದು ಯಾವುದರಿಂದ ಆಯಿತು ಅಂತ ಹೇಗೆ ಹೇಳುತ್ತೀರಿ? ಪ್ರತಿ ಪ್ರಿಸೆಟ್‌ಗೂ ನಾಲ್ಕು ಬೇರೆ ಬೇರೆ ಸಿಆರ್‌ಎಫ್ ಹಾಕಿ, ಬಿಟ್‌ರೇಟ್ ಒಂದು ಕಡೆ ಗುಣಮಟ್ಟದ ಅಂಕ ಒಂದು ಕಡೆ ಗೆರೆ ಎಳೆದು, ಒಂದೇ ಬಿಟ್‌ರೇಟ್‌ನಲ್ಲಿ ಯಾವ ಗೆರೆ ಮೇಲಿದೆ ಅಂತ ನೋಡಬೇಕು. ವೀಡಿಯೋ ಸ್ಟ್ಯಾಂಡರ್ಡ್ ಬರೆಯುವವರು 2001ರಿಂದ ಬಳಸುತ್ತಿರುವ ಬ್ಯೋಂಟೆಗಾರ್ಡ್ ಲೆಕ್ಕದ ಹಿಂದಿರುವುದೂ ಇದೇ ಗೆರೆಗಳು. ನಮಗೆ ಅಷ್ಟು ನಿಖರತೆ ಬೇಕಿರಲಿಲ್ಲ, ಸ್ಪ್ರೆಡ್‌ಶೀಟ್ ಸಾಕಾಯಿತು.

ಸರಾಸರಿ ಒಂದು ಹೇಳಿತು, ಕೊನೆಯ ಬೆಂಚು ಇನ್ನೊಂದು

ಅಳೆಯಲು ವಿಮ್ಯಾಫ್ ಬಳಸಿದೆವು. ನೆಟ್‌ಫ್ಲಿಕ್ಸ್ ಮಾಡಿಸಿ 2016ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಮಾಪಕ ಇದು. ಮೂಲವನ್ನೂ ಪ್ರತಿಯನ್ನೂ ಫ್ರೇಮ್ ಫ್ರೇಮ್ ಹೋಲಿಸಿ 0ಯಿಂದ 100ರೊಳಗೆ ಅಂಕ ಕೊಡುತ್ತದೆ. ಡೀಫಾಲ್ಟ್ ಮಾದರಿ 1080ಪಿ ಟೀವಿಯನ್ನು ಅದರ ಎತ್ತರದ ಮೂರು ಪಟ್ಟು ದೂರದಿಂದ ನೋಡುವವರನ್ನು ಲೆಕ್ಕಕ್ಕೆ ಇಟ್ಟುಕೊಂಡಿದೆ, ನಮ್ಮ ಮನೆ ಯಜಮಾನರು ನೋಡುವುದೂ ಹೆಚ್ಚು ಕಡಿಮೆ ಹಾಗೆಯೇ. ಒಂದು ಎಚ್ಚರಿಕೆ: ಎರಡು ಫೈಲುಗಳ ನಡುವೆ ಒಂದೇ ಒಂದು ಫ್ರೇಮ್ ಹಿಂದೆ ಮುಂದೆ ಆದರೂ ಕುಣಿತದ ದೃಶ್ಯದ ಅಂಕ ಧಡ್ ಅಂತ ಬೀಳುತ್ತದೆ. ಸೆಟ್ಟಿಂಗ್ ಬೈಯುವ ಮೊದಲು ಎರಡೂ ಒಂದೇ ಫ್ರೇಮಿನಿಂದ ಶುರುವಾಗುತ್ತಿವೆಯಾ ಅಂತ ನೋಡಿಕೊಳ್ಳಿ.

ಗೆಳೆಯನ ಮನಸ್ಸಿನಲ್ಲಿ 1080ಪಿ ಬಿಡುವ ಯೋಚನೆಯೇ ಇರಲಿಲ್ಲ. "ಫುಲ್ ಎಚ್‌ಡಿ ಅಂತ ಹೇಳಿ ದುಡ್ಡು ತಗೊಳ್ತೇನೆ, 720 ಕೊಟ್ರೆ ಏನಂತಾರೆ?" ಸರಿ, ಎರಡನ್ನೂ ಇಡೀ ಆಟಕ್ಕೆ 4.1 ಎಂಬಿಪಿಎಸ್ ಟೂ-ಪಾಸ್ ಹಾಕಿ, 720ಪಿಯನ್ನು ಮತ್ತೆ 1080ಕ್ಕೆ ಏರಿಸಿ ಅಳೆದೆವು. ಇಡೀ ರಾತ್ರಿಯ ಸರಾಸರಿಯಲ್ಲಿ 1080ಪಿ ಸ್ವಲ್ಪ ಮುಂದಿತ್ತು. ಅವನಿಗೆ ಖುಷಿ.

ಆದರೆ ಆ ಸರಾಸರಿ ಯಾವುದರದ್ದು? ರಾತ್ರಿಯ ಬಹುಪಾಲು ಅರ್ಥಗಾರಿಕೆ ಮತ್ತು ಪದ. ಅಲ್ಲಿ ಕ್ಯಾಮೆರಾ ಅಲುಗಾಡುವುದಿಲ್ಲ, ಬಿಟ್ ಧಾರಾಳ, 1080ಪಿಯಲ್ಲಿ ಮುಖದ ಚುಟ್ಟಿಯ ಸಣ್ಣ ಸಣ್ಣ ಗೆರೆ ಕೂಡ ಉಳಿಯುತ್ತದೆ. ಲಕ್ಷಗಟ್ಟಲೆ ಸುಲಭದ ಫ್ರೇಮುಗಳು ಸೇರಿ ಕೆಲವು ಸಾವಿರ ಕಷ್ಟದ ಫ್ರೇಮುಗಳನ್ನು ಮುಚ್ಚಿ ಹಾಕಿದ್ದವು. ಅಂಕಗಳನ್ನು ಕಡಿಮೆಯಿಂದ ಜಾಸ್ತಿಗೆ ಜೋಡಿಸಿ, ಅತಿ ಕಳಪೆ 1 ಶೇಕಡಾ ಫ್ರೇಮುಗಳನ್ನು ಮಾತ್ರ ನೋಡಿದಾಗ ಫಲಿತಾಂಶ ತಿರುಗಿತು. ಅಲ್ಲಿ 720ಪಿ ಸ್ಪಷ್ಟವಾಗಿ ಮುಂದೆ. ಕಾರಣ ಆ ಚೌಕಗಳ ಲೆಕ್ಕದಲ್ಲೇ ಇದೆ. 720ಪಿ ಫ್ರೇಮಿನಲ್ಲಿ 3,600 ಚೌಕ ಮಾತ್ರ, ಅದೇ ಬಿಟ್‌ರೇಟ್‌ನಲ್ಲಿ ಒಂದೊಂದಕ್ಕೆ 10ರ ಬದಲು ಸುಮಾರು 23 ಬಿಟ್. ಆ ಕಳಪೆ ಫ್ರೇಮುಗಳು ಯಾವ ಸಮಯದ್ದು ಅಂತ ನೋಡಿದರೆ, ದಿಗಿಣ, ಯುದ್ಧ, ಮಹಿಷಾಸುರನ ಪ್ರವೇಶ. ತಕರಾರು ಬಂದದ್ದೂ ಅಲ್ಲಿಂದಲೇ ಅಲ್ವಾ.

ನೆಟ್‌ಫ್ಲಿಕ್ಸ್‌ನವರು 2015ರ ಡಿಸೆಂಬರಿನಲ್ಲಿ ಪ್ರತಿ ಸಿನಿಮಾಕ್ಕೂ ಬೇರೆ ಬೇರೆ ಬಿಟ್‌ರೇಟ್, ರೆಸಲ್ಯೂಶನ್ ಆರಿಸುವ ಪದ್ಧತಿ ಪ್ರಕಟಿಸಿದರು. ಅದರ ಹಿಂದಿರುವುದೂ ಇದೇ ಮಾತು: ಬಿಟ್ ಕಡಿಮೆ ಇದ್ದಾಗ ದೊಡ್ಡ ರೆಸಲ್ಯೂಶನ್ ಹಿಡಿದು ಕೂತರೆ ಚಿತ್ರ ಕೆಡುತ್ತದೆ. ಅವರಿಗೆ ಒಂದೊಂದು ಸಿನಿಮಾಕ್ಕೆ ಹಲವು ಪ್ರತಿ ಇಡುವ ಅನುಕೂಲ ಇದೆ, ನಮಗೆ ಒಂದೇ ಪ್ರತಿ.

25 ಫ್ರೇಮಿಗೆ ಇಳಿಸುವ ಯೋಚನೆಯೂ ಬಂದಿತ್ತು. 1080ಪಿ ಉಳಿಯುತ್ತದೆ, ಚೌಕಕ್ಕೆ ಬಿಟ್ ದುಪ್ಪಟ್ಟು. ಆದರೆ ಗಿರಗಿರ ಸುತ್ತುವ ವೇಷ 25ರಲ್ಲಿ ಜರ್ಕ್ ಹೊಡೆದ ಹಾಗೆ ಕಾಣುತ್ತದೆ, ಅದನ್ನು ನೋಡಿದ ಕೂಡಲೇ ಕೈಬಿಟ್ಟೆವು. ಇಲ್ಲಿ ವಿಮ್ಯಾಫ್ ಸಹಾಯ ಮಾಡುವುದಿಲ್ಲ, 50ರ ಮೂಲವನ್ನು 25ರ ಪ್ರತಿಗೆ ಫ್ರೇಮ್ ಫ್ರೇಮ್ ಹೋಲಿಸಲು ಆಗದು, ಕಣ್ಣೇ ಗತಿ. (ಅಂದಹಾಗೆ ಕೆಲವರು ನಮ್ಮ ಊರಲ್ಲೂ ಸೆಕೆಂಡಿಗೆ 60 ಫ್ರೇಮ್ ಇಟ್ಟು ಶೂಟ್ ಮಾಡುತ್ತಾರೆ. ನಮ್ಮ ಕರೆಂಟು 50 ಹರ್ಟ್ಸ್. ರಂಗಸ್ಥಳದ ಟ್ಯೂಬ್‌ಲೈಟು ಮಿನುಗಿ ಚಿತ್ರದ ಮೇಲೆ ಪಟ್ಟೆ ಓಡುತ್ತದೆ, ಎನ್‌ಕೋಡರ್ ಸುಮ್ನೆ ಆ ಮಿನುಗಿಗೂ ಬಿಟ್ ಸುರಿಯುತ್ತದೆ.)

ಅಂಕಿ ಸಂಖ್ಯೆ ಎಷ್ಟಿದ್ದರೂ ಕೊನೆಗೆ ನೋಡುವವರು ಹೇಳಬೇಕು. ಎರಡು ಫೈಲಿಗೆ ಎ, ಬಿ ಅಂತ ಮಾತ್ರ ಹೆಸರಿಟ್ಟು, ಯಾವುದು ಯಾವುದು ಅಂತ ಹೇಳದೆ ತಕರಾರು ಹೇಳಿದ ಅದೇ ಮನೆಯ ಟೀವಿಯಲ್ಲಿ ಹಾಕಿದೆವು. ಯಜಮಾನರು, ಅವರ ತಮ್ಮ, ಅವರ ಅಮ್ಮ. ಅರ್ಥಗಾರಿಕೆಯಲ್ಲಿ ಮೂವರಿಗೂ ವ್ಯತ್ಯಾಸ ಕಾಣಲಿಲ್ಲ. ಮಹಿಷಾಸುರ ಬಂದಾಗ ಮೂವರೂ 720ಪಿಯನ್ನೇ ತೋರಿಸಿದರು. ಗೆಳೆಯ ಫುಲ್ ಎಚ್‌ಡಿ ಮಾತು ಅಲ್ಲಿಗೆ ನಿಲ್ಲಿಸಿದ.

ಟೀವಿಯ ಕಡೆಯಿಂದಲೂ 720ಪಿ ಅನುಕೂಲ. 1080ಪಿ 50 ಫ್ರೇಮ್ ಅಂದರೆ ಎಚ್.264ರಲ್ಲಿ ಲೆವೆಲ್ (ಓದಲು ಬೇಕಾದ ಸಾಮರ್ಥ್ಯದ ದರ್ಜೆ) 4.2 ಬೇಕು, 4.1ರವರೆಗೆ ಮಾತ್ರ ಓದುವ ಹಳೆಯ ಟೀವಿಗಳಲ್ಲಿ ತಡವರಿಸುತ್ತದೆ ಅಥವಾ ಓಡುವುದೇ ಇಲ್ಲ. 720ಪಿ 50 ಲೆವೆಲ್ 3.2ರಲ್ಲೇ ಮುಗಿಯುತ್ತದೆ. ಎಚ್.264ಕ್ಕಿಂತ ಹೊಸ ಪದ್ಧತಿಗಳಾದ ಎಚ್‌ಇವಿಸಿ ಅಥವಾ ಎವಿ1 ಬಳಸಿದರೆ ಇನ್ನೂ ಉಳಿತಾಯ ಆಗುತ್ತಿತ್ತು, ಆದರೆ ಯಾರ ಮನೆಯಲ್ಲಿ ಯಾವ ಟೀವಿ ಇದೆ ಅಂತ ಯಾರಿಗೆ ಗೊತ್ತು.

ಉಳಿದ ಸೆಟ್ಟಿಂಗ್‌ಗಳು

ಸರಾಸರಿ 4.1 ಆದರೂ ಕ್ಷಣದ ಬಿಟ್‌ರೇಟ್ ಎಷ್ಟು ಎತ್ತರಕ್ಕೆ ಹೋಗಬಹುದು ಅಂತ ಮಿತಿ ಹಾಕಬೇಕು. ಮಿತಿ ಇಲ್ಲದಿದ್ದರೆ ರಾಳ ಎರಚಿದ ಜಾಗದಲ್ಲಿ ಮೇಲೇರಿ ಅಗ್ಗದ ಪೆನ್‌ಡ್ರೈವ್ ಮತ್ತು ಹಳೆ ಟೀವಿ ಎರಡೂ ತಿಣುಕುತ್ತವೆ. ಈ ಮಿತಿಯ ಹೆಸರು ಮ್ಯಾಕ್ಸ್‌ರೇಟ್, ಅದನ್ನು 6 ಎಂಬಿಪಿಎಸ್‌ಗೆ ಇಟ್ಟಾಗ ಚೌಕಗಳು ಮತ್ತೆ ಬಂದವು, ಬಿಟ್ ಉಳಿಸಿಟ್ಟುಕೊಂಡಿದ್ದರೂ ಖರ್ಚು ಮಾಡಲು ಬಿಡದ ಹಾಗಾಯಿತು. 12ಕ್ಕೆ ಏರಿಸಿ ಬಫ್‌ಸೈಜ್ (ಆ ಮಿತಿಯನ್ನು ಲೆಕ್ಕ ಹಾಕುವ ಬಫರಿನ ಗಾತ್ರ) 24 ಮೆಗಾಬಿಟ್ ಕೊಟ್ಟಾಗ ಸರಿಹೋಯಿತು. ಮ್ಯಾಕ್ಸ್‌ರೇಟ್ ಮಾತ್ರ ಕೊಟ್ಟು ಬಫ್‌ಸೈಜ್ ಮರೆತರೆ ಎಕ್ಸ್264 ಮಿತಿಯನ್ನು ಪಾಲಿಸುವುದೇ ಇಲ್ಲ, ಇದು ತುಂಬ ಜನರ ಗಮನಕ್ಕೆ ಬರುವುದಿಲ್ಲ.

ಎಕ್ಯೂ ಮೋಡ್ (ಒಂದು ಫ್ರೇಮಿನ ಚೌಕಗಳ ನಡುವೆ ಬಿಟ್ ಹಂಚುವ ಬಗೆ) 3 ಹಾಕಿದಾಗ ಕತ್ತಲೆ ಜಾಗಗಳಿಗೆ ಸ್ವಲ್ಪ ಹೆಚ್ಚು ಬಿಟ್ ಹೋಗುತ್ತದೆ. ರಂಗಸ್ಥಳದ ಹಿಂದಿನ ಕಪ್ಪಿನಲ್ಲಿ ತೇಲುತ್ತಿದ್ದ ಚೌಕಗಳು ಕಡಿಮೆಯಾದವು. ಟೀವಿಯಲ್ಲಿ ಬ್ರೈಟ್‌ನೆಸ್ ಪೂರ್ತಿ ಏರಿಸಿ ನೋಡುವವರೇ ಜಾಸ್ತಿ, ಅಲ್ಲಿ ಇದು ಎದ್ದು ಕಾಣುತ್ತದೆ.

ಕೆಂಪಿನ ವಿಷಯ ಬೇರೆ. ಬಣ್ಣದ ವೇಷದ ಕೆಂಪು ಉಡುಪಿನ ಮಡಿಕೆಗಳು ಪ್ರತಿಯಲ್ಲಿ ಒಂದೇ ಮುದ್ದೆಯಾಗಿದ್ದವು, ವಿಮ್ಯಾಫ್ ಮಾತ್ರ ಒಳ್ಳೆಯ ಅಂಕ ಕೊಡುತ್ತಲೇ ಇತ್ತು. ಯಾಕೆಂದರೆ ಅದು ಬೆಳಕಿನ ಪದರ ಮಾತ್ರ ನೋಡುತ್ತದೆ, ಬಣ್ಣದ ಪದರ ನೋಡುವುದೇ ಇಲ್ಲ. ಅದರ ಮೇಲೆ 4:2:0 ಅನ್ನುವ ಸಾಮಾನ್ಯ ವಿಡಿಯೋ ಮಾದರಿಯಲ್ಲಿ ಬಣ್ಣದ ಮಾಹಿತಿ ಮೊದಲೇ ಕಾಲು ಭಾಗಕ್ಕೆ ಇಳಿದಿರುತ್ತದೆ. ಬಣ್ಣದ ಪದರವನ್ನು ಎಷ್ಟು ಒರಟಾಗಿ ಕುಗ್ಗಿಸಬೇಕು ಅಂತ ಹೇಳುವ ಕ್ರೋಮಾ ಕ್ಯೂಪಿ ಆಫ್‌ಸೆಟ್ ಅನ್ನು ಎರಡು ಹೆಜ್ಜೆ ಇಳಿಸಿ ನೋಡಿದೆವು. ಕೆಂಪು ಸ್ವಲ್ಪ ಬಿಡಿಸಿಕೊಂಡಿತು, ಅಂಕ ಮಾತ್ರ ಒಂದು ಚೂರು ಕುಸಿಯಿತು. ಅಂಕ ಕುಸಿದರೆ ಕುಸಿಯಲಿ ಅಂತ ಅದನ್ನೇ ಇಟ್ಟುಕೊಂಡೆವು.

ನಾಯ್ಸ್ ಕಳೆಯುವ ಫಿಲ್ಟರ್ ತೆಳ್ಳಗೆ ಹಾಕಿದ್ದರಿಂದ ಬಿಟ್ ಚೆನ್ನಾಗಿ ಉಳಿಯಿತು. ಇದನ್ನು ಅಳೆಯುವುದು ಪೇಚಾಟ. ನಾಯ್ಸ್ ಇರುವ ಮೂಲಕ್ಕೆ ಹೋಲಿಸಿದರೆ ಅಂಕ ಅನ್ಯಾಯವಾಗಿ ಕಡಿಮೆ, ಫಿಲ್ಟರ್ ಆದ ಚಿತ್ರಕ್ಕೆ ಹೋಲಿಸಿದರೆ ಅನ್ಯಾಯವಾಗಿ ಜಾಸ್ತಿ. ಜೋರಾಗಿ ಹಾಕಿದರೆ ಮುಖದ ಬಣ್ಣಗಾರಿಕೆಯೇ ಮೇಣದ ಹಾಗೆ ನುಣುಪಾಗಿಬಿಡುತ್ತದೆ. ಕಣ್ಣಲ್ಲಿ ನೋಡಿಯೇ ತೀರ್ಮಾನ ಮಾಡಿದೆವು. ಪ್ರಿಸೆಟ್ ಸ್ಲೋ, ವೆರಿಸ್ಲೋಗೆ ಹೋದರೆ ಸಮಯ ವಿಪರೀತ, ಲಾಭ ಅಲ್ಪ.

ಬೆಳಗಿನ ಜಾವದ ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಪಟ್ಟಿಗಳು ಮಾತ್ರ ಪೂರ್ತಿ ಹೋಗಲಿಲ್ಲ. ಬಣ್ಣದ ಆಳ 8ರ ಬದಲು 10 ಬಿಟ್ ಆದರೆ ಹೋಗುತ್ತದೆ, ಆದರೆ 10 ಬಿಟ್‌ನ ಎಚ್.264 ಟೀವಿಗಳಲ್ಲಿ ಓಡುವುದಿಲ್ಲ. ಅದನ್ನು ಹಾಗೇ ಬಿಟ್ಟೆವು.

ಕೊನೆಯಲ್ಲಿ ಸಿಕ್ಕಿಹಾಕಿಕೊಂಡದ್ದು ಯಾರೂ ಯೋಚಿಸದ ಜಾಗದಲ್ಲಿ. ಎಲ್ಲ ಟೀವಿಯಲ್ಲೂ ಓದಬೇಕೆಂದರೆ ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು, ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಗೆಳೆಯ ಮೊದಲಿನಿಂದಲೂ ಆಟವನ್ನು ಎರಡೆರಡು ಗಂಟೆಯ ನಾಲ್ಕು ಭಾಗ ಮಾಡಿ, ಒಂದೊಂದನ್ನೂ ಬೇರೆ ಬೇರೆ ಎನ್‌ಕೋಡ್ ಮಾಡುತ್ತಿದ್ದ. ಹಾಗೆ ಮಾಡಿದರೆ ಶಾಂತವಾದ ಮೊದಲ ಭಾಗಕ್ಕೂ ಯುದ್ಧದ ಭಾಗಕ್ಕೂ ಒಂದೇ ಬಜೆಟ್, ಟೂ-ಪಾಸ್‌ನ ಉಪಯೋಗವೇ ಹೋಯಿತು. ಇಡೀ ಆಟವನ್ನು ಒಂದೇ ಫೈಲಾಗಿ ಎನ್‌ಕೋಡ್ ಮಾಡಿ, ಆಮೇಲೆ ಕೀಫ್ರೇಮ್ (ಹಿಂದಿನ ಫ್ರೇಮಿನ ಹಂಗಿಲ್ಲದ ಪೂರ್ತಿ ಫ್ರೇಮ್) ಹಿಡಿದು ಮತ್ತೆ ಎನ್‌ಕೋಡ್ ಆಗದ ಹಾಗೆ ಕತ್ತರಿಸಬೇಕು. ಆಗ ಇನ್ನೊಂದು ತೊಂದರೆ: ಬಿಟ್ ಸಮನಾಗಿ ಹಂಚಿಲ್ಲವಾದ್ದರಿಂದ ಯುದ್ಧ ಇರುವ ಎರಡು ಗಂಟೆ 4 ಜಿಬಿ ದಾಟಿತು. ಈಗ ಸಮಯ ನೋಡುವುದು ಬಿಟ್ಟು, ಪ್ರಸಂಗದ ಸನ್ನಿವೇಶ ಮುಗಿಯುವ ಕಡೆ ಆರು ಭಾಗ ಮಾಡುತ್ತಾನೆ. ಮನೆಯವರಿಗೂ ಬೇಕಾದ ಸನ್ನಿವೇಶ ಹುಡುಕುವುದು ಸುಲಭವಾಗಿದೆ.

ಅವನ ಸ್ವಂತ ಸಂಗ್ರಹದ ಪ್ರತಿಗೆ ಈ ಯಾವ ಗಾತ್ರದ ಗೋಳೂ ಇಲ್ಲ, ಅದಕ್ಕೆ 1080ಪಿ, 50 ಫ್ರೇಮ್, ಸಿಆರ್‌ಎಫ್ 18. ಮೂಲ 180 ಜಿಬಿ ಇಟ್ಟುಕೊಂಡರೆ 4 ಟಿಬಿ ಡಿಸ್ಕಿನಲ್ಲಿ 22 ಆಟ ಹಿಡಿಯುತ್ತದೆ ಅಷ್ಟೇ, ಹಾಗಾಗಿ ಅಳಿಸಲೇಬೇಕು. ಅಳಿಸುವ ಮೊದಲು ಪ್ರತಿ ಆಟದ ದಿಗಿಣ ಮತ್ತು ರಾಳದ ದೃಶ್ಯವನ್ನು ಮೂಲದಿಂದಲೇ ಕತ್ತರಿಸಿ ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತಿದ್ದಾನೆ, ಮುಂದಿನ ಮಳೆಗಾಲದಲ್ಲಿ ಎಚ್‌ಇವಿಸಿ ಪರೀಕ್ಷೆ ಮಾಡಲು.